ಕೆಂಡ ಕೊಡಬಹುದು, ವೈಫೈ ಕೊಡಬಾರದೇ?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ನೆರೆಯ ಗೌಡರ ಮನೆಗೆ ಇಬ್ಬರು ಬಂದು ಹೋದರು. ಬೇರೆ ಬೇರೆ ದಿನ ಬಂದವರು, ಒಬ್ಬರಿಗೊಬ್ಬರು ಪರಿಚಯವೂ ಇಲ್ಲದವರು. ಮೊದಲು ಬಂದವರು ಅಂತರಜಾಲದ ಲೈನು ಎಳೆಯುವ ಸ್ಥಳೀಯ ಏಜೆಂಟರು. ಗೌಡರ ತಾರಸಿಯ ಮೇಲೆ ನಿಲ್ಲಿಸಿದ್ದ ಬಿಳಿಯ ಪುಟ್ಟ ಪೆಟ್ಟಿಗೆಯನ್ನು ನೋಡಿ, "ಇದು ಕಳ್ಳತನ. ಹದಿನೈದು ದಿನದೊಳಗೆ ತೆಗೆಯದಿದ್ದರೆ ಲೈನು ಕಟ್ ಮಾಡ್ತೇನೆ" ಎಂದರು. ಎರಡನೆಯವರು ಗೌಡರ ದೂರದ ಬಂಧು, ಹಿತೈಷಿ. ಅವರು ಧ್ವನಿ ತಗ್ಗಿಸಿ, "ಆ ಮನೆಗೆ ಯಾಕೆ ಕೊಟ್ಟದ್ದು ಮಾರಾಯ? ನಾಳೆ ಏನಾದರೂ ಆದರೆ ಪೊಲೀಸರು ಬರುವುದು ನಿನ್ನ ಅಂಗಳಕ್ಕೆ" ಎಂದರು. ಆ ಮನೆ ಅಂದರೆ ನಮ್ಮ ಮನೆ.

ಗೌಡರು ಎರಡನ್ನೂ ಬಚ್ಚಿಡದೆ ನನಗೆ ಹೇಳಿದರು. "ಮಾಷ್ಟ್ರೇ, ನನಗೆ ಹೆದರಿಕೆ ಏನೂ ಇಲ್ಲ. ಆದರೆ ನಾವು ಮಾಡಿದ್ದು ಸರಿಯೋ ತಪ್ಪೋ ಎಂದು ಗೊತ್ತಾಗಬೇಕು. ನೀವೇ ಸ್ವಲ್ಪ ನೋಡಿ ಹೇಳಿ" ಎಂದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಸುಮ್ಮನಿರಲು ಬರುವುದಿಲ್ಲ. ನೋಡುತ್ತಾ ಹೋದೆ. ನೋಡಿದಷ್ಟೂ ಸಿಟ್ಟು ಬಂತು.

ಮೊದಲು ಸಂಗತಿ ಏನೆಂದು ಹೇಳಿಬಿಡುತ್ತೇನೆ. ನಮ್ಮದು ಪುತ್ತೂರು ತಾಲೂಕಿನ ಒಳಭಾಗದ ಹಳ್ಳಿ. ಈ ಕಡೆ ಅಡಿಕೆ ತೋಟಗಳಿರುವುದು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ನೀರು ಇಳಿದು ಬರುವಲ್ಲಿ ತೋಟ, ತೋಟದ ಬದಿಯಲ್ಲಿ ಮನೆ. ನೀರಿಗೆ ಅನುಕೂಲವಾದ ಜಾಗವೇ ಮೊಬೈಲ್ ಗೋಪುರಕ್ಕೆ ಕಾಣದ ಜಾಗ. ಗೌಡರ ಮನೆ ಡಾಮರು ರಸ್ತೆಯ ಬದಿಯಲ್ಲಿದೆ. ವಿದ್ಯುತ್ ಕಂಬಗಳ ಮೇಲೆ ಬಂದ ಫೈಬರ್ ಲೈನು ಅವರ ಜಗಲಿಯವರೆಗೆ ಬಂತು. ನಮ್ಮ ಮನೆ ತೋಡಿನ ಆಚೆ, ಸುಮಾರು 200 ಮೀಟರ್ ದೂರ. ಅಲ್ಲಿಗೂ ಲೈನು ಕೊಡಿ ಎಂದು ನಾನು ಇದೇ ಏಜೆಂಟರನ್ನು ಕೇಳಿಕೊಂಡಿದ್ದೆ. "ಒಂದು ಮನೆಗೋಸ್ಕರ ಅಷ್ಟು ಕಂಬ ಹಾಕಲಿಕ್ಕೆ ನಮಗೆ ಪೂರೈಸುವುದಿಲ್ಲ. ಖರ್ಚು ನೀವೇ ಹಾಕುವುದಾದರೆ ನೋಡುವ" ಎಂದರು. ಅವರು ಹೇಳಿದ ಮೊತ್ತಕ್ಕೆ ಒಂದು ಹಳೆಯ ಬೈಕು ಬರುತ್ತಿತ್ತು.

ನಮ್ಮೊಂದಿಗಿರುವ ಮೊಮ್ಮಗಳು ಪದವಿ ಓದುತ್ತಿದ್ದಾಳೆ. ಅರ್ಜಿ, ಪ್ರವೇಶ ಪತ್ರ, ವಿದ್ಯಾರ್ಥಿವೇತನ, ಫಲಿತಾಂಶ ಎಲ್ಲವೂ ಜಾಲದಲ್ಲಿ. ಅವಳು ಸಂಜೆ ತೋಡು ದಾಟಿ ಗೌಡರ ಜಗಲಿಯಲ್ಲಿ ಕೂತು ಓದಿ ಬರುತ್ತಿದ್ದಳು. ಒಂದು ರಾತ್ರಿ ಜಡಿಮಳೆಗೆ ತೋಡಿನಲ್ಲಿ ನೀರು ಏರಿ ಅಲ್ಲೇ ಉಳಿಯಬೇಕಾಯಿತು. ಮರುದಿನ ಗೌಡರ ಹೆಂಡತಿ, ನಾವೆಲ್ಲ ಅಕ್ಕ ಎಂದು ಕರೆಯುವವರು, "ಇನ್ನು ಮಗು ಈ ಮಳೆಯಲ್ಲಿ ಬರುವುದು ಬೇಡ. ಅದನ್ನೇ ಆ ಮನೆಗೆ ಕಳಿಸಲಿಕ್ಕೆ ಆಗುವುದಿಲ್ಲವಾ?" ಎಂದು ಕೇಳಿದರು. ಅವರ ಮಗ ಬೆಂಗಳೂರಿನಲ್ಲಿ ಇಂಜಿನಿಯರು. ಹಬ್ಬಕ್ಕೆ ಬಂದಾಗ ಎರಡು ಪೆಟ್ಟಿಗೆ ತಂದ. ಒಂದನ್ನು ಅವರ ತಾರಸಿಯಲ್ಲಿ, ಇನ್ನೊಂದನ್ನು ನಮ್ಮ ಹಂಚಿನ ಮಾಡಿನ ಬದಿಯಲ್ಲಿ ಕಬ್ಬಿಣದ ಪೈಪಿಗೆ ಕಟ್ಟಿ, ಒಂದಕ್ಕೊಂದು ಮುಖಾಮುಖಿ ಮಾಡಿ ನಿಲ್ಲಿಸಿದ. ಎರಡಕ್ಕೂ ಸೇರಿ ಆರೇಳು ಸಾವಿರ ರೂಪಾಯಿ. ಅದನ್ನು ನಾವು ಕೊಟ್ಟೆವು. ತಿಂಗಳ ಬಿಲ್ಲಿನಲ್ಲಿ ಅರ್ಧ ನಮ್ಮದು.

ಇದರ ಹಿಂದಿನ ವಿದ್ಯೆ ದೊಡ್ಡದೇನಲ್ಲ, ಆದರೆ ತಿಳಿದುಕೊಳ್ಳುವಂಥದ್ದು. ಮನೆಯೊಳಗಿನ ವೈಫೈ ರೌಟರು ಚಿಮಿಣಿ ದೀಪದ ಹಾಗೆ ಸುತ್ತಲೂ ಹರಡುತ್ತದೆ; ಕೆಂಪುಕಲ್ಲಿನ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ತಾರಸಿಯ ಪೆಟ್ಟಿಗೆ ಟಾರ್ಚಿನ ಹಾಗೆ. ಇದ್ದ ಶಕ್ತಿಯನ್ನೆಲ್ಲ ಒಂದೇ ದಿಕ್ಕಿಗೆ ಬಿಡುತ್ತದೆ. ಹಾಗಾಗಿ ಒಂದು ವ್ಯಾಟಿಗಿಂತ ಕಡಿಮೆ ಶಕ್ತಿಯಲ್ಲಿ ಇನ್ನೂರು ಮೀಟರೇನು, ಕಿಲೋಮೀಟರುಗಟ್ಟಲೆ ದೂರ ಹೋಗುತ್ತದೆ, ನಡುವೆ ಅಡ್ಡ ಇರಬಾರದು ಅಷ್ಟೆ. ಅಡ್ಡ ಇಲ್ಲದಿರುವುದೆಂದರೆ ಒಂದು ನೂಲೆಳೆಯಷ್ಟು ಜಾಗ ಸಾಲದು. 200 ಮೀಟರ್ ದೂರಕ್ಕೆ, 2.4 ಗಿಗಾಹರ್ಟ್ಸ್ ತರಂಗವಾದರೆ ನಡುಮಧ್ಯದಲ್ಲಿ ಸುತ್ತಲೂ ಎರಡೂವರೆ ಮೀಟರ್ ತೆರಪು ಬೇಕು. 5 ಗಿಗಾಹರ್ಟ್ಸಿನದ್ದಾದರೆ ಒಂದೂಮುಕ್ಕಾಲು ಮೀಟರಿನೊಳಗೆ ಸಾಕು. ಅಡಿಕೆ ಸಸಿ ನೆಡುವುದು ಒಂಬತ್ತು ಅಡಿಗೆ ಒಂದರಂತೆ. ಹಿರಿಯರು ಹಗ್ಗ ಹಿಡಿದು ನೇರ ಸಾಲಿನಲ್ಲಿ ನೆಟ್ಟಿದ್ದರೆ, ಸೋಗೆಯ ಕೆಳಗೆ, ಎರಡು ಸಾಲಿನ ನಡುವಿನ ಓಣಿಯಲ್ಲಿ ಈ ಎರಡನೆಯ ತರಂಗ ಹೇಗೋ ನುಸುಳಿ ಹೋಗುತ್ತದೆ. ಗೌಡರ ತಂದೆ ನೆಟ್ಟ ಸಾಲು ನಮ್ಮ ಮನೆಗೆ ನೇರವಾಗಿರುವುದು ನಮ್ಮ ಅದೃಷ್ಟ. ಒದ್ದೆ ಎಲೆ ಮಾತ್ರ ಇದರ ಶತ್ರು. ಮೊದಲ ಮಳೆಗಾಲದಲ್ಲಿ ಒಂದು ಬಾಳೆಗಿಡ ಓಣಿಯ ನಡುವೆ ಎಲೆ ಚಾಚಿ ಎರಡು ದಿನ ಎಲ್ಲ ನಿಂತುಹೋಯಿತು. ಗೌಡರು ಕತ್ತಿ ಹಿಡಿದು ಹೋಗಿ ಎಲೆ ಕಡಿದು, ಅದೇ ಎಲೆಗಳನ್ನು ನಮ್ಮ ಮನೆಗೆ ತಂದುಕೊಟ್ಟರು. ಅಂದು ಮಧ್ಯಾಹ್ನ ನಾವು ಊಟ ಮಾಡಿದ್ದು ಆ ಎಲೆಯಲ್ಲಿ.

ತಂತಿಯನ್ನೇ ಎಳೆಯಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಏಪ್ರಿಲ್ ಮೇ ತಿಂಗಳ, ಮತ್ತೆ ಅಕ್ಟೋಬರಿನ ನಮ್ಮ ಸಿಡಿಲನ್ನು ನೋಡದವರ ಪ್ರಶ್ನೆ ಅದು. ಇನ್ನೂರು ಮೀಟರ್ ತಾಮ್ರದ ತಂತಿಯನ್ನು ಮರದಿಂದ ಮರಕ್ಕೆ ಕಟ್ಟಿದರೆ ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ. ಒಂದು ಮನೆಯ ರೌಟರಿನ ಜೊತೆ ಇನ್ನೊಂದು ಮನೆಯ ಟಿವಿಯೂ ಸುಡುತ್ತದೆ. ನಡುವೆ ಗಾಳಿ ಮಾತ್ರ ಇರುವುದು ಇಲ್ಲಿ ಒಂದು ರಕ್ಷಣೆ.

ಈಗ ಏಜೆಂಟರ ಮಾತಿಗೆ ಬರೋಣ. ಕಳ್ಳತನ ಎಂದರಲ್ಲ, ನಾವು ಕದ್ದದ್ದು ಯಾರದ್ದನ್ನು?

ಗಾಳಿಯನ್ನೇ? ತರಂಗಗಳು ಸರಕಾರದ ಸೊತ್ತು, ಅವುಗಳನ್ನು ಬಳಸಲು ಪರವಾನಗಿ ಬೇಕು ಎಂಬುದು ನಿಜ. ಆದರೆ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕೇಂದ್ರ ಸರಕಾರ 2005ರ ಜನವರಿಯಲ್ಲಿಯೇ ಪರವಾನಗಿಯಿಂದ ಮುಕ್ತಗೊಳಿಸಿದೆ. ಶಕ್ತಿ ಒಂದು ವ್ಯಾಟ್ ಮೀರಬಾರದು, ಆಂಟೆನಾ ಸೇರಿಸಿ ಹೊಮ್ಮುವ ಶಕ್ತಿ ನಾಲ್ಕು ವ್ಯಾಟ್ ಮೀರಬಾರದು, ಆಂಟೆನಾ ಕಟ್ಟಡದ ಮಾಡಿನಿಂದ ಐದು ಮೀಟರಿಗಿಂತ ಎತ್ತರ ಹೋಗಬಾರದು ಎಂದು ನಿಯಮ. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗವನ್ನೂ ಹೊರಾಂಗಣ ಬಳಕೆಗೆ ಹೀಗೆಯೇ ಬಿಟ್ಟುಕೊಟ್ಟರು. ನಮ್ಮ ಪೆಟ್ಟಿಗೆ ಮಾಡಿನಿಂದ ಒಂದಾಳೆತ್ತರವೂ ಇಲ್ಲ. ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ತರಂಗ ಕಳಿಸಲು ನಾವು ಯಾರ ಕಾಲೂ ಹಿಡಿಯಬೇಕಾಗಿಲ್ಲ.

ಹಾಗಾದರೆ ಗೌಡರ ಜಾಲವನ್ನು ಕದ್ದೆವೇ? ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 43ನೇ ಕಲಮು ಹೇಳುವುದು ಮಾಲಿಕನ ಅಥವಾ ಅದರ ಉಸ್ತುವಾರಿ ಹೊಂದಿದವನ ಅನುಮತಿಯಿಲ್ಲದೆ ಕಂಪ್ಯೂಟರು, ಕಂಪ್ಯೂಟರ್ ಜಾಲದೊಳಗೆ ಪ್ರವೇಶಿಸುವುದನ್ನು. ಪಕ್ಕದ ಮನೆಯವರ ಗುಪ್ತಪದವನ್ನು ಊಹಿಸಿ, ಕದ್ದು ಕೇಳಿ, ಅವರಿಗೆ ತಿಳಿಯದಂತೆ ಬಳಸುವ ಹುಡುಗರಿದ್ದಾರೆ. ಅದು ತಪ್ಪು, ಅದನ್ನು ಜಾಣತನ ಎಂದು ನಗುವ ತಂದೆ ತಾಯಿಯರದ್ದೂ ತಪ್ಪು. ಆದರೆ ಗೌಡರೇ ಕೂತು, ಗುಪ್ತಪದವನ್ನು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿ ಹೇಳಿ ಬರೆಸಿದ್ದನ್ನು ಅನುಮತಿಯಿಲ್ಲದ ಪ್ರವೇಶ ಎನ್ನುವುದು ಹೇಗೆ?

ಉಳಿಯುವುದು ಕಂಪೆನಿಯ ಕರಾರು. ಗೌಡರು ಸಹಿ ಹಾಕಿದ ಫಾರಂನ ಹಿಂಬದಿಯಲ್ಲಿ ಇರುವೆಯ ಸಾಲಿನಂತಹ ಅಕ್ಷರದಲ್ಲಿ ಒಂದು ವಾಕ್ಯವಿದೆ: ಈ ಸಂಪರ್ಕವನ್ನು ಮರುಮಾರಾಟ ಮಾಡಬಾರದು, ಮನೆಯ ಆವರಣದ ಹೊರಗೆ ಹಂಚಬಾರದು. ಇದನ್ನು ನಾನು ಮುಚ್ಚಿಡುವುದಿಲ್ಲ. ಕರಾರು ಮುರಿದರೆ ಕಂಪೆನಿ ಸಂಪರ್ಕ ಕಡಿದು ಹಾಕಬಹುದು. ಆದರೆ ಕರಾರು ಮುರಿಯುವುದು ಬೇರೆ, ಕಳ್ಳತನ ಬೇರೆ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಬಾರದೆಂಬ ಕರಾರಿದ್ದಾಗ ಮೊಳೆ ಹೊಡೆದವನನ್ನು ಮಾಲಿಕ ಬೈಯಬಹುದು, ಬಿಡಿಸಬಹುದು, ಕಳ್ಳ ಎನ್ನುವಂತಿಲ್ಲ. ಲಾಭಕ್ಕಾಗಿ ಹತ್ತು ಮನೆಗೆ ಲೈನು ಮಾರಿದರೆ ಅದು ಪರವಾನಗಿ ಬೇಕಾದ ವ್ಯಾಪಾರವೇ ಸರಿ, ಅದರ ಪರ ನಾನು ಮಾತಾಡುತ್ತಿಲ್ಲ. ಎರಡು ಮನೆಯವರು ಒಂದು ಬಿಲ್ಲನ್ನು ಅರ್ಧರ್ಧ ಕಟ್ಟುವುದು ವ್ಯಾಪಾರವೇ?

ಕಂಪೆನಿಗೆ ಇದರಿಂದ ನಷ್ಟವೆಷ್ಟು ಎಂದು ಒಮ್ಮೆ ಲೆಕ್ಕ ಹಾಕೋಣ. ಮನೆಬಳಕೆಯ ಅನೇಕ ಫೈಬರ್ ಯೋಜನೆಗಳಲ್ಲಿ ತಿಂಗಳಿಗೆ 3300 ಜಿಬಿ ಎಂಬ ಮಿತಿ ಇರುತ್ತದೆ. ಅಂದರೆ ದಿನಕ್ಕೆ 110 ಜಿಬಿ. ಒಳ್ಳೆಯ ಗುಣಮಟ್ಟದ ವಿಡಿಯೊ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ ಎಂದಿಟ್ಟುಕೊಂಡರೂ, ಕಂಪೆನಿ ಗೌಡರಿಗೆ ಮಾರಿರುವುದು ದಿನಕ್ಕೆ 36 ಗಂಟೆ ವಿಡಿಯೊ ನೋಡುವಷ್ಟು ಜಾಲವನ್ನು. ದಿನಕ್ಕೆ 24 ಗಂಟೆಯಷ್ಟೇ ಇರುವ ಈ ಭೂಮಿಯಲ್ಲಿ ಗೌಡರು, ಅಕ್ಕ, ಅವರ ವಯಸ್ಸಾದ ತಾಯಿ ಮೂವರೂ ತೋಟ ಹಟ್ಟಿ ಬಿಟ್ಟು ಕೂತರೂ ಅದು ಮುಗಿಯುವುದಿಲ್ಲ. ಹಣ ಕೊಟ್ಟು ಕೊಂಡು ಬಳಸದೆ ಉಳಿದದ್ದನ್ನು ತೋಡಿನಾಚೆಯ ಹುಡುಗಿಯೊಬ್ಬಳು ಓದಲು ಬಳಸಿದರೆ, ಕಂಪೆನಿಯ ಜೇಬಿನಿಂದ ಹೋದದ್ದು ಯಾವುದು?

ಇನ್ನೊಂದು ವಿಷಯವಿದೆ. ಗೌಡರ ಮನೆಯ ಫೈಬರು ಕೇಂದ್ರದಿಂದ ಅವರಿಗೊಬ್ಬರಿಗೇ ಬಂದದ್ದಲ್ಲ. ದಾರಿಯ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಸ್ಪ್ಲಿಟರ್ ಎಂಬ ಬೆರಳುದ್ದದ ಸಾಧನವಿದೆ. ಬೆಳಕನ್ನು ಸೀಳಿ ಹಂಚುವುದೇ ಅದರ ಕೆಲಸ. ಸೆಕೆಂಡಿಗೆ ಎರಡೂವರೆ ಗಿಗಾಬಿಟ್ ಹೊತ್ತು ಬರುವ ಒಂದೇ ಎಳೆಯನ್ನು 32 ಮನೆಗೆ, 64 ಮನೆಗೆ ಹಂಚಿ, ಪ್ರತಿ ಮನೆಯಿಂದಲೂ ಪೂರ್ತಿ ಬಾಡಿಗೆ ವಸೂಲು ಮಾಡುವುದು ಈ ವ್ಯವಹಾರದ ತಳಪಾಯ. ಎಲ್ಲರೂ ಒಮ್ಮೆಗೇ ಪೂರ್ತಿ ಬಳಸುವುದಿಲ್ಲ ಎಂಬ ಭರವಸೆಯ ಮೇಲೆ ಅದು ನಿಂತಿದೆ. ಅದರಲ್ಲಿ ತಪ್ಪಿಲ್ಲ, ಎಲ್ಲ ಕಡೆಯೂ ಹಾಗೆಯೇ. ಆದರೆ ಒಂದು ಎಳೆಯನ್ನು ಅರವತ್ತನಾಲ್ಕು ಮನೆಗೆ ಹಂಚುವವರು ವ್ಯವಹಾರಸ್ಥರು, ಇಬ್ಬರು ಹಂಚಿಕೊಂಡರೆ ಕಳ್ಳರು ಎಂಬ ನ್ಯಾಯ ಎಲ್ಲಿಯದು?

ಏಜೆಂಟರ ಬಗ್ಗೆ ನನಗೆ ದ್ವೇಷವಿಲ್ಲ. ಅವರು ಕೇಬಲ್ ಟಿವಿ ಮುಗಿದ ಮೇಲೆ ಈ ದಂಧೆಗೆ ಬಂದವರು. ಮರ ಬಿದ್ದು ಲೈನು ತುಂಡಾದರೆ ಮಳೆಯಲ್ಲಿ ಏಣಿ ಹೊತ್ತು ಬರುವವರೂ ಅವರೇ. ಒಂದು ಸಂಪರ್ಕಕ್ಕೆ ಇಷ್ಟು ಎಂದು ಅವರ ಪಾಲು. ರಸ್ತೆ ಬದಿಯ ಹತ್ತು ಮನೆಯವರು ಒಂದೇ ಲೈನಿನಲ್ಲಿ ನಡೆಸಿದರೆ ಅವರ ಒಲೆ ಉರಿಯುವುದಿಲ್ಲ. ಆದ್ದರಿಂದ ಲೈನು ಸಿಗುವಲ್ಲಿ ಸಂಪರ್ಕ ತೆಗೆದುಕೊಳ್ಳಬೇಕು ಎನ್ನುವುದನ್ನು ಒಪ್ಪುತ್ತೇನೆ. ನನ್ನ ಜಗಳ ಬೇರೆ. ನಿಮಗೆ ಕೊಡಲು ಪೂರೈಸುವುದಿಲ್ಲ ಎಂದು ಹೇಳಿದ ಬಾಯಿಯೇ, ಕೊಟ್ಟವರಿಂದ ತೆಗೆದುಕೊಳ್ಳಲೂಬಾರದು ಎಂದು ಹೇಳುವ ಹಕ್ಕನ್ನು ಎಲ್ಲಿಂದ ತಂದಿತು? ಬಾವಿಯವನು ನೀರು ಕೊಡುವುದಿಲ್ಲ, ನೆರೆಯವನ ಕೊಡದಿಂದ ಕುಡಿಯಲೂ ಬಿಡುವುದಿಲ್ಲ.

ನಮ್ಮ ಊರುಗಳು ನಡೆದದ್ದು ಹಂಚಿಕೊಂಡೇ. ಬೆಂಕಿಪೆಟ್ಟಿಗೆಗೂ ಕಾಸಿಲ್ಲದ ಕಾಲದಲ್ಲಿ ಮುಂಜಾನೆ ನೆರೆಮನೆಯ ಒಲೆಯಿಂದ ತೆಂಗಿನ ಗೆರಟೆಯಲ್ಲಿ ಕೆಂಡ ತಂದು ನಮ್ಮ ಒಲೆ ಹೊತ್ತಿಸುತ್ತಿದ್ದುದನ್ನು ನನ್ನ ತಾಯಿ ಹೇಳುತ್ತಿದ್ದರು. ಮೊಸರಿಗೆ ಹೆಪ್ಪು ಈಗಲೂ ಆಚೆಮನೆಯದ್ದೇ. ಬೇಸಿಗೆಗೆ ತೋಡಿಗೆ ಕಟ್ಟ ಕಟ್ಟುವಾಗ ಮೇಲಿನ ತೋಟದವರು, ಕೆಳಗಿನ ತೋಟದವರು ಒಟ್ಟಿಗೆ ಕೆಸರಿಗಿಳಿಯುತ್ತಿದ್ದರು. ಯಾರ ಗದ್ದೆಗೆ ಯಾವ ದಿನ ನೀರು ಎಂಬ ಸರದಿಗೆ ಕಾಗದಪತ್ರ ಇರಲಿಲ್ಲ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದಾಗ ಭಾನುವಾರ ಬೆಳಿಗ್ಗೆ ಗೌಡರ ಜಗಲಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು ನಮ್ಮ ಮನೆಯ ಮಕ್ಕಳು. ಆಮೇಲೆ ದೂರವಾಣಿ ಬಂತು. ಹೋಬಳಿಗೊಂದೆರಡು ಮನೆಯಲ್ಲಿ ಮಾತ್ರ. ಮದುವೆ ಕಾಗದದಲ್ಲಿ, ಅಂಗಡಿಯ ಚೀಟಿಯಲ್ಲಿ ಪಿ.ಪಿ. ಎಂದು ಬರೆದು ನೆರೆಮನೆಯ ನಂಬರು ಹಾಕುತ್ತಿದ್ದೆವು. ಗಲ್ಫಿನಿಂದ ನನ್ನ ತಮ್ಮ ಮಾಡಿದ ಫೋನುಗಳೆಲ್ಲ ಬಂದದ್ದು ಗೌಡರ ಮನೆಗೆ. ಅಲ್ಲಿಂದ ಒಂದು ಕೂಗು, ಇಲ್ಲಿಂದ ಒಂದು ಓಟ. ಆಗ ಯಾವ ಇಲಾಖೆಯವರೂ ಬಂದು ನೀವು ದೂರವಾಣಿಯನ್ನು ಕದಿಯುತ್ತಿದ್ದೀರಿ ಎನ್ನಲಿಲ್ಲ.

ಕುರ್‌ಆನಿನ 107ನೇ ಅಧ್ಯಾಯದ ಹೆಸರು ಅಲ್ ಮಾಊನ್. ನಮಾಝಿನಲ್ಲಿ ಅತಿ ಹೆಚ್ಚು ಓದುವ ಚಿಕ್ಕ ಅಧ್ಯಾಯಗಳಲ್ಲಿ ಅದೊಂದು. ಆ ಪದಕ್ಕೆ ಅನೇಕ ವ್ಯಾಖ್ಯಾನಕಾರರು ಕೊಡುವ ಅರ್ಥ ಪಾತ್ರೆ, ಬಕೆಟು, ಕೊಡಲಿಯಂತಹ, ನೆರೆಹೊರೆಯವರು ಕೇಳಿ ಒಯ್ದು ಹಿಂದಿರುಗಿಸುವ ಸಣ್ಣಪುಟ್ಟ ವಸ್ತುಗಳು. ಅಂಥದ್ದನ್ನು ಕೊಡದವರ ಬಗೆಗಿನ ಎಚ್ಚರಿಕೆಯೊಂದಿಗೆ ಆ ಅಧ್ಯಾಯ ಮುಗಿಯುತ್ತದೆ. ಕೊಟ್ಟರೆ ಕೊಡುವವನಿಗೆ ಕಡಿಮೆಯಾಗದ, ಕೊಡದಿದ್ದರೆ ಕೇಳಿದವನಿಗೆ ದೊಡ್ಡ ತೊಂದರೆಯಾಗುವ ವಸ್ತು ನಮ್ಮ ಕಾಲದಲ್ಲಿ ಯಾವುದು? ನಮ್ಮಲ್ಲಿ ಐದು ಹೊತ್ತು ಅದನ್ನು ಓದಿ, ಮನೆಗೆ ಬಂದು ರೌಟರಿನ ಗುಪ್ತಪದ ಬದಲಾಯಿಸುವವರಿಗೂ ಈ ಪ್ರಶ್ನೆ.

ಈಗ ಎರಡನೆಯ ಅತಿಥಿಯ ಮಾತು. ಇದು ಹೆಚ್ಚು ಕಷ್ಟದ್ದು, ಯಾಕೆಂದರೆ ಇದರಲ್ಲಿ ಅರ್ಧ ಸತ್ಯವಿದೆ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದು ಅಮಾಯಕರು ಸತ್ತರು. ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿ ಸಂಸ್ಥೆಗಳಿಗೆ ಬಂದ ಮಿಂಚಂಚೆಯ ಜಾಡು ಹಿಡಿದು ಹೋದಾಗ ಅದು ನವಿ ಮುಂಬಯಿಯ ಒಂದು ಫ್ಲ್ಯಾಟಿಗೆ ಹೋಗಿ ನಿಂತಿತು. ಅಲ್ಲಿದ್ದವರು ಅಮೆರಿಕದ ಒಬ್ಬ ಪ್ರಜೆ. ಅವರ ವೈಫೈಗೆ ಬೀಗವಿರಲಿಲ್ಲ, ಯಾರೋ ಹೊರಗಿನಿಂದ ಅದನ್ನು ಬಳಸಿದ್ದರು. ಅದರ ನಂತರ 2009ರ ಜನವರಿಯಲ್ಲಿ ಮುಂಬಯಿ ಪೊಲೀಸರು ಬೀಗವಿಲ್ಲದ ವೈಫೈಗಳನ್ನು ಹುಡುಕಿಕೊಂಡು ಬೀದಿ ಸುತ್ತಿದರು. ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಸುರಕ್ಷತೆಯ ಬಗ್ಗೆ ಕಂಪೆನಿಗಳಿಗೆ ಸೂಚನೆ ಹೊರಡಿಸಿತು. ವೈಫೈಯನ್ನು ಬೀದಿಗೆ ತೆರೆದಿಡಬಾರದು ಎಂಬ ಪಾಠ ಸರಿಯಾದದ್ದೇ. ಆದರೆ ಆ ಪಾಠ ಹಳ್ಳಿಗೆ ಬರುವಷ್ಟರಲ್ಲಿ ರೂಪ ಬದಲಾಯಿಸಿಕೊಂಡಿತು. ಬೀಗ ಹಾಕಿ ಎಂಬುದು 'ಅವರಿಗೆ' ಕೊಡಬೇಡಿ ಎಂದಾಯಿತು.

ಆ ಅಮೆರಿಕದವರನ್ನು ವಿಚಾರಿಸಿದರು, ಆರೋಪ ಹೊರಿಸಲಿಲ್ಲ. ಅದು ನ್ಯಾಯವೇ. ಅದೇ ಬೀಗವಿಲ್ಲದ ರೌಟರು ನಮ್ಮ ಕೇರಿಯ ಒಬ್ಬ ಯುವಕನದ್ದಾಗಿದ್ದರೆ ಎಂದು ಓದುಗರು ಒಂದು ಕ್ಷಣ ಯೋಚಿಸಲಿ. ನಾನು ಹೇಳುವುದು ಬೇಡ. ನೆರೆಯವನ ಮನೆಯಲ್ಲಿ ಏನಾದೀತೋ ಎಂಬ ಭಯ ಎರಡು ಕಡೆಯೂ ಇರುತ್ತದೆ ಎಂಬುದು ಹಿತೈಷಿಗಳಿಗೆ ತಿಳಿದಿಲ್ಲ. ಗೌಡರ ಜಾಲದಿಂದ ಯಾರೋ ಒಬ್ಬ ಹುಡುಗ ಏನನ್ನೋ ಹರಡಿದರೆ ಮೊದಲ ಸಂಶಯ ಯಾವ ಮನೆಯ ಮೇಲೆ ಬೀಳುತ್ತದೆ? ನಾವು ಆ ಸಂಪರ್ಕ ತೆಗೆದುಕೊಳ್ಳುವ ಮೊದಲು ನನ್ನ ಹೆಂಡತಿ ಎರಡು ರಾತ್ರಿ ನಿದ್ದೆ ಮಾಡದೆ ಇದನ್ನೇ ಕೇಳಿದ್ದಳು. ಗೌಡರು ನಮ್ಮನ್ನು ನಂಬಿದಷ್ಟೇ ನಾವೂ ಅವರನ್ನು ನಂಬಿದೆವು. ಆ ಲೆಕ್ಕ ಯಾರೂ ಇಡುವುದಿಲ್ಲ.

ಇನ್ನು ಅರ್ಧ ಸತ್ಯದ ಮಾತು. ಹೊರಗಿನಿಂದ ನೋಡುವವರಿಗೆ ಈಗ ನಮ್ಮ ಎರಡು ಮನೆಯೂ ಒಂದೇ ವಿಳಾಸ. ಅದು ನಿಜ. ಆದರೆ ಕಂಪೆನಿಗಳೇ ವಿಳಾಸಗಳ ಅಭಾವದಿಂದ ಎಷ್ಟೋ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ, ಯಾರು ಯಾವ ಹೊತ್ತಿಗೆ ಬಳಸಿದರೆಂದು ದಾಖಲೆ ಇಟ್ಟುಕೊಳ್ಳುತ್ತವೆ. ಅದನ್ನೇ ಸಣ್ಣದಾಗಿ ನಾವೂ ಮಾಡಿದೆವು. ನಮ್ಮ ಮನೆಗೆ ಪ್ರತ್ಯೇಕ ರೌಟರು, ಪ್ರತ್ಯೇಕ ಗುಪ್ತಪದ. ತಾರಸಿಯ ಪೆಟ್ಟಿಗೆಗಳ ನಡುವಿನ ಮಾತು ಗೂಢಲಿಪಿಯಲ್ಲಿ. ಬೇರೆ ಯಾವ ಸಾಧನವೂ ಅದಕ್ಕೆ ಸೇರದಂತೆ ಹುಡುಗ ಬಿಗಿ ಮಾಡಿದ್ದಾನೆ. ಒಂದು ನೋಟ್‌ಬುಕ್ಕಿನಲ್ಲಿ ಯಾವ ದಿನ ಸಂಪರ್ಕ ಶುರುವಾಯಿತು, ಯಾರ ಯಾರ ಫೋನಿಗೆ ಕೊಟ್ಟಿದ್ದೇವೆ, ಗುಪ್ತಪದ ಯಾವಾಗ ಬದಲಾಯಿಸಿದೆವು ಎಂದು ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಮದುವೆ ಮನೆಗೆ ಬಂದ ನೆಂಟರಿಷ್ಟರಿಗೆಲ್ಲ ಗುಪ್ತಪದ ಹಂಚುವ ಎಷ್ಟೋ ಪೇಟೆ ಮನೆಗಳಿಗಿಂತ ನಮ್ಮ ಈ ಏರ್ಪಾಡು ಭದ್ರವಾಗಿದೆ. ಆ ಮನೆಗಳಿಗೆ ಹೋಗಿ ಯಾವ ಹಿತೈಷಿಯೂ ಧ್ವನಿ ತಗ್ಗಿಸುವುದಿಲ್ಲ.

ಇದೆಲ್ಲ ಯಾಕೆ ಇಷ್ಟು ದೊಡ್ಡ ವಿಷಯ ಎಂದು ಕೇಳಬಹುದು. 2021ರ ಜೂನಿನಲ್ಲಿ ಪತ್ರಿಕೆಗಳಲ್ಲಿ ಬಂದ ಒಂದು ಚಿತ್ರ ನೆನಪಿರಬಹುದು. ನಮ್ಮ ಪಕ್ಕದ ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ, ಸುರಿಯುವ ಮಳೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಹುಡುಗಿ ರಸ್ತೆ ಬದಿಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ತಂದೆ ಕೊಡೆ ಹಿಡಿದು ನಿಂತಿದ್ದಾರೆ. ನಾಡೆಲ್ಲ ಆ ತಂದೆಯನ್ನು ಕೊಂಡಾಡಿತು. ಕೊಂಡಾಡಬೇಕಾದ್ದೇ. ಆದರೆ ಕೊಡೆ ಹಿಡಿಯುವ ತಂದೆ ಇಲ್ಲದ, ಇದ್ದರೂ ಕೂಲಿಗೆ ಹೋಗಬೇಕಾದ, ಅಥವಾ ರಸ್ತೆ ಬದಿಯಲ್ಲಿ ಮಗಳು ಕೂರುವುದನ್ನು ಒಪ್ಪದ ತಂದೆಯಿರುವ ಹುಡುಗಿಯರ ಚಿತ್ರ ಯಾರೂ ತೆಗೆಯಲಿಲ್ಲ. ನೆಟ್‌ವರ್ಕ್ ಸಿಗುವ ಗುಡ್ಡ ಎಲ್ಲ ಊರಲ್ಲೂ ಹುಡುಗರ ಗುಡ್ಡ. ನಮ್ಮ ಸಮುದಾಯದಲ್ಲಂತೂ ಇದನ್ನು ಬಾಯಿಬಿಟ್ಟು ಹೇಳಬೇಕಾಗಿದೆ: ಮಗನಿಗೆ ದುಬಾರಿ ಫೋನು, ಮಗಳಿಗೆ ಅಪ್ಪ ಮನೆಯಲ್ಲಿದ್ದಾಗ ಮಾತ್ರ ಅಪ್ಪನ ಫೋನು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಅಂಕಿಗಳ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಮ್ಮೆಯಾದರೂ ಅಂತರಜಾಲ ಬಳಸಿದ ಪುರುಷರು ಶೇಕಡಾ 48.7, ಮಹಿಳೆಯರು 24.6. ಸಂಪರ್ಕ ಗುಡ್ಡದ ಮೇಲಿದ್ದರೆ ಈ ಅಂತರ ಕಡಿಮೆಯಾಗುವುದಿಲ್ಲ. ಅದು ಮನೆಯೊಳಗೆ, ಅಡುಗೆಮನೆಯ ಪಕ್ಕದ ಕೋಣೆಯವರೆಗೆ ಬರಬೇಕು.

2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು, ಹಾಸ್ಟೆಲಿನ ಫೋನು ನಿರ್ಬಂಧವನ್ನು ಪ್ರಶ್ನಿಸಿದ ಪದವಿ ವಿದ್ಯಾರ್ಥಿನಿಯೊಬ್ಬಳ ಅರ್ಜಿಯಲ್ಲಿ, ಅಂತರಜಾಲದ ಬಳಕೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿತು. ಹಕ್ಕು ಎಂದ ಮೇಲೆ ಅದು ತಲುಪುವ ದಾರಿಯೂ ಬೇಕಲ್ಲ. ಗ್ರಾಮ ಪಂಚಾಯತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದದ್ದು 2015ರಲ್ಲಿ. ಪಂಚಾಯತಿ ಕಚೇರಿಯಿಂದ ತೋಡಿನಾಚೆಯ ಮನೆಗೆ ಇರುವ ಕೊನೆಯ ಮೈಲಿಯನ್ನು ಯಾರು ದಾಟಿಸಬೇಕು ಎಂಬುದಕ್ಕೆ ಇವತ್ತಿಗೂ ನಮ್ಮ ಊರಿನಲ್ಲಿ ಉತ್ತರ ಸಿಕ್ಕಿಲ್ಲ.

ಸರಕಾರಕ್ಕೆ ಹಂಚಿಕೆಯ ವಿಚಾರ ಹೊಳೆದೇ ಇಲ್ಲ ಎನ್ನಲಾಗದು. 2020ರ ಡಿಸೆಂಬರಿನಲ್ಲಿ ಪಿಎಂ-ವಾಣಿ ಎಂಬ ಯೋಜನೆ ತಂದರು. ಕಿರಾಣಿ ಅಂಗಡಿ, ಚಹಾದಂಗಡಿಯವನೂ ಪರವಾನಗಿಯಿಲ್ಲದೆ, ಶುಲ್ಕವಿಲ್ಲದೆ ತನ್ನ ಸಂಪರ್ಕವನ್ನು ವೈಫೈ ಮೂಲಕ ಇತರರಿಗೆ ಮಾರಬಹುದು. ಒಳ್ಳೆಯದೇ. ಆದರೆ ಕಂಪೆನಿಗಳು ಅಂತಹ ಅಂಗಡಿಯವರಿಗೆ ಮನೆಬಳಕೆಯ ದರದಲ್ಲಿ ಲೈನು ಕೊಡಲು ಒಪ್ಪದೆ ದುಬಾರಿ ಲೈನನ್ನೇ ತೆಗೆದುಕೊಳ್ಳಿ ಎಂದವು. ಕೊನೆಗೆ 2025ರ ಜೂನಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ, 200 ಎಂಬಿಪಿಎಸ್‌ವರೆಗಿನ ಯೋಜನೆಗಳಲ್ಲಿ ಅಂಗಡಿಯವನಿಂದ ಮನೆಗ್ರಾಹಕನ ದರದ ಎರಡು ಪಟ್ಟಿಗಿಂತ ಹೆಚ್ಚು ವಸೂಲು ಮಾಡಬಾರದೆಂದು ಆದೇಶ ಹೊರಡಿಸಬೇಕಾಯಿತು. ಇದರಲ್ಲಿ ನನಗೆ ಕಾಣುವ ವಿಚಿತ್ರವೇನೆಂದರೆ, ಮಾರುವುದಾದರೆ ಸರಕಾರವೇ ಬೆನ್ನಿಗೆ ನಿಲ್ಲುತ್ತದೆ, ಸುಮ್ಮನೆ ಕೊಡುವುದಾದರೆ ಕರಾರು ಅಡ್ಡ ಬರುತ್ತದೆ. ಗೌಡರು ಅಂಗಡಿ ಹಾಕಿ, ನಮ್ಮ ಮೊಮ್ಮಗಳು ಗಿರಾಕಿಯಾದರೆ ಎಲ್ಲವೂ ಸಕ್ರಮ. ನೆರೆಯವರು ನೆರೆಯವರಾಗಿಯೇ ಉಳಿಯಲು ಮಾತ್ರ ಯಾವ ಫಾರಂನಲ್ಲೂ ಜಾಗವಿಲ್ಲ.

ಬೇರೆಡೆ ಹೀಗೆಯೇ ಇದೆ ಎಂದೇನಿಲ್ಲ. ನೇಪಾಳದ ಮ್ಯಾಗ್ದಿ ಜಿಲ್ಲೆಯ ನಾಂಗಿ ಎಂಬ ಬೆಟ್ಟದ ಹಳ್ಳಿಯಲ್ಲಿ ಮಹಾಬೀರ್ ಪುನ್ ಎಂಬ ಶಿಕ್ಷಕರು ಮರಗಳಿಗೆ ಆಂಟೆನಾ ಕಟ್ಟಿ ಹಳ್ಳಿಯಿಂದ ಹಳ್ಳಿಗೆ ವೈಫೈ ದಾಟಿಸಿದರು. ಅದಕ್ಕಾಗಿ 2007ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಕಂಪೆನಿಗಳು ಬರಲೊಲ್ಲದ ಹಳ್ಳಿಗಾಡಿನ ಜನ 2004ರಲ್ಲಿ ತಾರಸಿಯಿಂದ ತಾರಸಿಗೆ ಜೋಡಿಸುತ್ತಾ ಶುರುಮಾಡಿದ ಗುಯಿಫಿ ಎಂಬ ಜಾಲ ಇಂದು ಹತ್ತಾರು ಸಾವಿರ ಕೊಂಡಿಗಳ ಸಾಮುದಾಯಿಕ ಆಸ್ತಿ. ಅಲ್ಲಿ ಅದನ್ನು ಯಾರೂ ಕಳ್ಳತನ ಎಂದು ಕರೆದು ಕಿತ್ತುಹಾಕಲಿಲ್ಲ.

ಗೌಡರಿಗೆ ನಾನು ಕೊಟ್ಟ ಉತ್ತರ ಇಷ್ಟೇ. ತರಂಗ ಸಕ್ರಮ, ಅನುಮತಿ ನಿಮ್ಮದು ಇದೆ, ಕರಾರಿನ ಒಂದು ವಾಕ್ಯ ಮಾತ್ರ ನಮ್ಮ ವಿರುದ್ಧ ಇದೆ. ಆ ವಾಕ್ಯವನ್ನು ಬದಲಾಯಿಸಿ ಎಂದು ಕೇಳುವುದು ನಮ್ಮ ಕೆಲಸ. ಇಬ್ಬರೂ ಕೂತು ಕಂಪೆನಿಗೆ ಒಂದು ಕಾಗದ ಬರೆದೆವು: ಲೈನು ಎಳೆಯಲು ನೀವು ನಿರಾಕರಿಸಿದ ಮನೆಗೆ, ನೆರೆಯ ಗ್ರಾಹಕನ ಲಿಖಿತ ಒಪ್ಪಿಗೆಯ ಮೇಲೆ, ಎರಡೂ ಮನೆಯವರ ಗುರುತಿನ ದಾಖಲೆ ಪಡೆದು, ಜೋಡಿ ಸಂಪರ್ಕ ಎಂದು ನೋಂದಾಯಿಸಿಕೊಳ್ಳಿ, ಬೇಕಾದರೆ ತಿಂಗಳಿಗೆ ನೂರು ರೂಪಾಯಿ ಹೆಚ್ಚು ಪಡೆದು ಅದರಲ್ಲಿ ಏಜೆಂಟರಿಗೂ ಪಾಲು ಕೊಡಿ. ಇಲ್ಲವಾದರೆ ನಮ್ಮ ಮನೆಗೆ ಲೈನು ಎಳೆಯಿರಿ, ಅದೇ ದಿನ ಪೆಟ್ಟಿಗೆ ಇಳಿಸುತ್ತೇವೆ. ಅದರ ಪ್ರತಿಯನ್ನು ಪಂಚಾಯತಿಗೂ ಕೊಟ್ಟೆವು. ಗ್ರಾಮಸಭೆಯಲ್ಲಿ ಓದಿದಾಗ ತೋಟದ ಆಳದ ಇನ್ನೂ ಐದಾರು ಮನೆಯವರು ಎದ್ದು ನಿಂತು ತಮ್ಮ ಹೆಸರನ್ನೂ ಸೇರಿಸಲು ಹೇಳಿದರು.

ಹದಿನೈದು ದಿನ ಕಳೆದು ತಿಂಗಳುಗಳಾದವು. ಏಜೆಂಟರು ಮತ್ತೆ ಬರಲಿಲ್ಲ, ಕಾಗದಕ್ಕೆ ಉತ್ತರವೂ ಬಂದಿಲ್ಲ. ಬಂಧುಗಳು ಮಾತ್ರ ಮೊನ್ನೆ ಗೌಡರ ಮನೆಯ ಪೂಜೆಗೆ ಬಂದಿದ್ದಾಗ ತಾರಸಿಯತ್ತ ನೋಡಿ, "ಅದು ಇನ್ನೂ ಉಂಟಾ?" ಎಂದು ಕೇಳಿದರಂತೆ. ಅಕ್ಕ ಅವರಿಗೆ ಪಾಯಸ ಬಡಿಸುತ್ತಾ, "ಉಂಟು. ನಿಮ್ಮ ಫೋನಿಗೂ ಬೇಕಾ?" ಎಂದರಂತೆ.